ರದ್ದಿಗೆ ಹೋದ ಹನ್ನೊಂದು ಕಿಲೋ ಚರಿತ್ರೆ

ಈ ಸಲದ ಮಾತು ರಾಜಮಹಾರಾಜರ ಬಗ್ಗೆ ಅಲ್ಲ. ನಿಮ್ಮ ಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಇರುವ ಹಳೇ ಟ್ರಂಕಿನ ಬಗ್ಗೆ. ನನ್ನದೊಂದು ತಪ್ಪೊಪ್ಪಿಗೆ ಇದೆ, ಅಲ್ಲಿಂದಲೇ ಶುರು ಮಾಡ್ತೀನಿ.

ನಮ್ಮ ದೊಡ್ಡಪ್ಪ ಹದಿನಾಲ್ಕನೇ ವಯಸ್ಸಿಗೆ ಉಡುಪಿ ಕಡೆಯಿಂದ ಮುಂಬಯಿಗೆ ಬಂದವರು. ಹಗಲು ಫೋರ್ಟ್‌ನ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ, ರಾತ್ರಿ ಕನ್ನಡ ಶಾಲೆ. ಹಾಗೇ ಓದಿ ಮುಂದೆ ಗುಮಾಸ್ತರಾದರು. ಅವರು ತೀರಿಹೋಗಿ ಕೆಲವು ವರ್ಷಕ್ಕೆ ಅವರಿದ್ದ ಚಾಳು ರಿಡೆವಲಪ್‌ಮೆಂಟಿಗೆ ಹೋಯ್ತು. ಖೋಲಿ ಖಾಲಿ ಮಾಡಿಸಲು ನಾನೇ ಹೋಗಿದ್ದೆ. ಮಂಚದ ಕೆಳಗೆ ಒಂದು ಕಬ್ಬಿಣದ ಟ್ರಂಕು, ಅದರ ತುಂಬ ದಾರ ಕಟ್ಟಿದ ಕಾಗದದ ಕಟ್ಟುಗಳು. ಒಂದೆರಡು ಬಿಚ್ಚಿ ನೋಡಿದೆ. ಬರೀ ಚೀಟಿಗಳು, ರಸೀದಿಗಳು, ಪೋಸ್ಟ್‌ಕಾರ್ಡುಗಳು. "ಆಸ್ತಿ ಪತ್ರ ಏನೂ ಇಲ್ಲ" ಅಂದುಕೊಂಡೆ. ಟೆಂಪೋದವನು ಕೆಳಗೆ ಹಾರ್ನ್ ಹೊಡೀತಾ ಇದ್ದ. ರದ್ದಿಯವನನ್ನು ಕರೆದೆ. ತಕ್ಕಡಿಯಲ್ಲಿ ಹನ್ನೊಂದು ಕಿಲೋ ತೂಗಿತು. ಅವನು ಕೊಟ್ಟ ದುಡ್ಡಿನಲ್ಲಿ ನಾನು, ಟೆಂಪೋದವನು ಚಹಾ ಕುಡಿದೆವು.

ಉಳಿದದ್ದು ಗೋಡೆಯಲ್ಲಿದ್ದ ಒಂದು ಗ್ರೂಪ್ ಫೋಟೋ. ಅದನ್ನ ಮನೆಗೆ ತಂದು, ಬಹಳ ದಿನದ ಮೇಲೆ ಕಟ್ಟು ಬದಲಾಯಿಸೋಣ ಅಂತ ಬಿಚ್ಚಿದಾಗ, ಫೋಟೋ ಅಲ್ಲಾಡಬಾರದು ಅಂತ ಹಿಂದೆ ಮಡಚಿ ತುರುಕಿದ್ದ ಮೂರು ಚೀಟಿಗಳು ಸಿಕ್ಕವು. ನಾನು ಮಾರಿದ್ದು ಏನು ಅಂತ ಆವತ್ತು ಗೊತ್ತಾಯ್ತು. ಆ ಮೂರು ಚೀಟಿಯ ಕಥೆಗೆ ಆಮೇಲೆ ಬರ್ತೀನಿ. ಅದಕ್ಕೂ ಮುಂಚೆ ಒಂದು ಪ್ರಶ್ನೆ.

ಮನೆಯ ಕಾಗದ ಚರಿತ್ರೆ ಆಗೋದು ಹೇಗೆ?

ಚರಿತ್ರೆ ಅಂದ್ರೆ ಶಾಸನ, ತಾಮ್ರಪಟ, ಸರ್ಕಾರಿ ದಫ್ತರ ಅಂತ ನಾವು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ನಮ್ಮ ಕಡೆ ಮನೆಯ ಲೆಕ್ಕಪತ್ರಗಳಿಗೂ ಹಳೇ ಪರಂಪರೆ ಇದೆ. ಇವತ್ತು ಆಫೀಸಿನ ಫೈಲಿಗೆ "ಕಡತ" ಅಂತೀವಲ್ಲ, ಆ ಮಾತು ಎಲ್ಲಿಂದ ಬಂತು ಗೊತ್ತಾ? ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಮಾಡಿದ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬಳಪದಲ್ಲಿ ಬರೀತಿದ್ರು. ಮಠಗಳಲ್ಲಿ, ಶಾನುಭೋಗರ ಮನೆಗಳಲ್ಲಿ, ವ್ಯಾಪಾರಿಗಳ ಅಂಗಡಿಗಳಲ್ಲಿ ಇದ್ದದ್ದು ಇಂಥವೇ. ಯಾರು ಯಾರಿಗೆ ಎಷ್ಟು ಕೊಟ್ಟರು, ಯಾವ ಊರಿನ ಕಂದಾಯ ಎಷ್ಟು, ಎಲ್ಲ ಅದರಲ್ಲಿ. ಬರೆದವರಿಗೆ ಅದು ಆ ವರ್ಷದ ಲೆಕ್ಕ. ಇವತ್ತಿನ ಸಂಶೋಧಕರಿಗೆ ಅದೇ ಆಧಾರ.

ಪುಣೆಯಲ್ಲಿರೋರು ಭಾರತ ಇತಿಹಾಸ ಸಂಶೋಧಕ ಮಂಡಳದ ಹೆಸರು ಕೇಳಿರ್ತೀರಿ. 1910ರಲ್ಲಿ ಅದನ್ನ ಕಟ್ಟಿದವರಲ್ಲಿ ಮುಖ್ಯರು ವಿ. ಕಾ. ರಾಜವಾಡೆ. ಈ ಮನುಷ್ಯ ಊರೂರು ಸುತ್ತಿ, ಹಳೇ ಮನೆತನಗಳ ಬಾಗಿಲು ತಟ್ಟಿ, ನಿಮ್ಮ ಮನೆಯಲ್ಲಿ ಹಳೇ ದಫ್ತರ ಇದೆಯಾ ಅಂತ ಕೇಳ್ತಾ ಹೋದವರು. ಹಾಗೆ ಸಿಕ್ಕಿದ ಪತ್ರಗಳ ಮೊದಲ ಸಂಪುಟ 1898ರಲ್ಲಿ ಅಚ್ಚಾಯ್ತು, ಪಾಣಿಪತ್ ಯುದ್ಧದವರೆಗಿನ ವರ್ಷಗಳ ಪತ್ರಗಳು. ಕೊನೆಗೆ ಅಂಥ ಸಂಪುಟಗಳು 22 ಆದವು. ಮರಾಠರ ಚರಿತ್ರೆಯನ್ನ ಅಲ್ಲಿಯವರೆಗೆ ಹೆಚ್ಚಾಗಿ ಬಖರುಗಳಿಂದಲೂ ಇಂಗ್ಲಿಷರ ಬರಹಗಳಿಂದಲೂ ತಿಳೀಬೇಕಿತ್ತು. ಮನೆಮನೆಯ ಕಾಗದ ಹೊರಗೆ ಬಂದ ಮೇಲೆ ಅದನ್ನ ಪರೀಕ್ಷೆ ಮಾಡಿ ನೋಡುವ ದಾರಿ ತೆರೆಯಿತು.

ಚೆನ್ನೈ ಕಡೆಯವರಿಗೆ ಇನ್ನೊಂದು ಉದಾಹರಣೆ. ಪಾಂಡಿಚೇರಿಯಲ್ಲಿ ಫ್ರೆಂಚರಿಗೆ ದುಬಾಷಿಯಾಗಿದ್ದ ಆನಂದರಂಗ ಪಿಳ್ಳೆ 1736ರಿಂದ 1761ರವರೆಗೆ ತಮಿಳಿನಲ್ಲಿ ದಿನಚರಿ ಬರೆದರು. ಅವರು ತೀರಿಕೊಂಡ ಮೇಲೆ ಅದು ಮನೆಯಲ್ಲೇ ಉಳಿದುಬಿಡ್ತು. ಹೊರಗಿನವರ ಕಣ್ಣಿಗೆ ಬಿದ್ದದ್ದು 1846ರಲ್ಲಿ, 85 ವರ್ಷದ ಮೇಲೆ. ಆಮೇಲೆ ಮದ್ರಾಸ್ ಸರ್ಕಾರ 12 ಸಂಪುಟಗಳಲ್ಲಿ ಅದರ ಇಂಗ್ಲಿಷ್ ಅನುವಾದ ತಂತು. ಡೂಪ್ಲೆ ಕಾಲದ ದಕ್ಷಿಣ ಭಾರತದ ಬಗ್ಗೆ ಬರೆಯೋರು ಯಾರೂ ಇವತ್ತು ಆ ದಿನಚರಿಯನ್ನ ಬಿಟ್ಟು ಮುಂದೆ ಹೋಗೋ ಹಾಗಿಲ್ಲ. ಆ 85 ವರ್ಷದಲ್ಲಿ ಮನೆಯವರು ಯಾರಾದರೂ "ಹಳೇ ಕಸ" ಅಂತ ಒಲೆಗೆ ಹಾಕಿದ್ದರೆ? ಅವರು ಹಾಕಲಿಲ್ಲ, ಅಷ್ಟೇ. ಚರಿತ್ರೆ ಉಳಿದದ್ದು ಅಷ್ಟರಿಂದಲೇ.

ನಮ್ಮವರ ಚರಿತ್ರೆ ಎಲ್ಲಿದೆ?

ನೀವು ಹೇಳಬಹುದು, ಸರದಾರರು, ದುಬಾಷಿಗಳು ದೊಡ್ಡ ಜನ, ನಮ್ಮಪ್ಪ ಹೋಟೆಲ್ ಮಾಣಿ, ಅವರ ಕಾಗದದಲ್ಲಿ ಏನಿರುತ್ತೆ ಅಂತ. ನಾನು ಹೇಳೋದು ಇದರ ಉಲ್ಟಾ. ದೊಡ್ಡವರ ವಿಷಯ ನಾಲ್ಕು ಕಡೆ ಬರೆದಿರುತ್ತೆ. ಒಂದು ಹೋದ್ರೆ ಇನ್ನೊಂದು ಸಿಗುತ್ತೆ. ಹೋಟೆಲ್ ಮಾಣಿಯ ವಿಷಯ ಬರೆದಿರೋದು ಒಂದೇ ಕಡೆ, ಅವನ ಟ್ರಂಕಿನಲ್ಲಿ.

ಮುಂಬಯಿಯ ಕನ್ನಡಿಗರನ್ನೇ ತಗೊಳ್ಳಿ. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು. ಧಾರವಾಡ, ಬೆಳಗಾವಿ, ವಿಜಾಪುರವೂ ಅದೇ ಪ್ರಾಂತ್ಯ. ದಕ್ಷಿಣ ಕನ್ನಡ ಮಾತ್ರ 1956ರವರೆಗೆ ಮದ್ರಾಸಿಗೆ ಸೇರಿತ್ತು. ಆದರೂ ಕರಾವಳಿಯ ಹುಡುಗರು ಮದ್ರಾಸಿಗಿಂತ ಮುಂಬಯಿಗೆ ಬಂದದ್ದು ಹೆಚ್ಚು. ಯಾಕೆ ಅಂದ್ರೆ ಸಮುದ್ರದ ದಾರಿ ಇತ್ತು. ಮಂಗಳೂರಿಂದ ಬಂದರು ಬಂದರು ಮುಟ್ಟುತ್ತಾ ಆಗಬೋಟು ಬರ್ತಿತ್ತು, ಮಳೆಗಾಲದಲ್ಲಿ ಬಂದ್. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ, ಅಂದ್ರೆ ಮೊನ್ನೆ ಮೊನ್ನೆ.

ಬಂದವರು ಸುಮ್ಮನೆ ಕೂರಲಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾಗಿದ್ದು 1902ರಲ್ಲಿ. ಮೈಸೂರು ಅಸೋಸಿಯೇಷನ್ 1926ರಲ್ಲಿ. ಮಾಟುಂಗಾ ಸ್ಟೇಷನ್ ಹತ್ತಿರ ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಸಂಘಗಳು ಹಗಲು ದುಡಿಯುವ ಹುಡುಗರಿಗೆ ಅಂತ ಕನ್ನಡ ರಾತ್ರಿ ಶಾಲೆಗಳನ್ನ ನಡೆಸಿದವು. ಈ ಸಂಸ್ಥೆಗಳ ಬೆಳ್ಳಿಹಬ್ಬ, ಚಿನ್ನದ ಹಬ್ಬದ ಸ್ಮರಣ ಸಂಚಿಕೆಗಳು ನಮ್ಮ ಹತ್ತಿರ ಇವೆ. ಅದರಲ್ಲಿ ಅಧ್ಯಕ್ಷರ ಫೋಟೋ ಇರುತ್ತೆ, ದಾನಿಗಳ ಪಟ್ಟಿ ಇರುತ್ತೆ. ಆದರೆ ರಾತ್ರಿ ಹನ್ನೊಂದಕ್ಕೆ ಪಾಠ ಮುಗಿಸಿ ಬೆಳಿಗ್ಗೆ ನಾಲ್ಕಕ್ಕೆ ಇಡ್ಲಿ ಹಿಟ್ಟಿನ ಮುಂದೆ ನಿಂತ ಹುಡುಗನ ಹೆಸರು ಎಲ್ಲಿರುತ್ತೆ? ಜನಗಣತಿಯಲ್ಲಿ ಅವನು ಒಂದು ಸಂಖ್ಯೆ, ಮಾತೃಭಾಷೆ ಕನ್ನಡ ಅಥವಾ ತುಳು. ಅವನು ಎಷ್ಟು ಸಂಬಳ ತಗೊಂಡ, ಊರಿಗೆ ಎಷ್ಟು ಕಳಿಸಿದ, ಯಾರ ಸಾಲ ತೀರಿಸಿದ, ಇದೆಲ್ಲ ಗೊತ್ತಾಗಬೇಕಾದರೆ ಮನೆಯ ಕಾಗದವೇ ಬೇಕು.

ಮೂರು ಚೀಟಿ

ಈಗ ಆ ಮೂರು ಚೀಟಿಗೆ ಬರೋಣ. ಅವು ಮನಿಯಾರ್ಡರಿನವು. ನಮ್ಮ ದೇಶದಲ್ಲಿ ಅಂಚೆ ಇಲಾಖೆ ಮನಿಯಾರ್ಡರ್ ಶುರು ಮಾಡಿದ್ದು 1880ರಲ್ಲಿ. ಆ ಫಾರಂ ಹೇಗಿರ್ತಿತ್ತು ಅಂತ ಹಿರಿಯರಿಗೆ ನೆನಪಿರಬಹುದು. ಅದರಲ್ಲಿ ಒಂದು ತುಂಡು ಕೂಪನ್ನು. ಕಳಿಸೋನು ಅದರಲ್ಲಿ ಎರಡು ಸಾಲು ಬರೆಯಬಹುದು, "ಅಮ್ಮನ ಔಷಧಿಗೆ", "ಅಂಗಡಿ ಬಾಕಿ ಕೊಡಿ" ಅಂತ. ದುಡ್ಡು ತಗೊಂಡೋರ ಹತ್ತಿರ ಅದು ಉಳೀತದೆ. ಇನ್ನೊಂದು ತುಂಡು ಸ್ವೀಕೃತಿ ಚೀಟಿ. ದುಡ್ಡು ತಗೊಂಡೋರು ಅದರ ಮೇಲೆ ಸಹಿ ಹಾಕಬೇಕು, ಆ ಚೀಟಿ ಕಳಿಸಿದವನಿಗೆ ವಾಪಸು ಬರುತ್ತೆ. ಸಹಿ ಬಾರದಿದ್ದರೆ ಹೆಬ್ಬೆಟ್ಟು, ಪಕ್ಕದಲ್ಲಿ ಓದುಬರಹ ಬಲ್ಲ ಸಾಕ್ಷಿಯ ಸಹಿ.

ಅಂದ್ರೆ ಒಂದೇ ವ್ಯವಹಾರದ ಎರಡು ತುಂಡು ಎರಡು ಊರಲ್ಲಿ. ಊರಿನ ಮನೆಯಲ್ಲಿ ಮಗನ ಅಕ್ಷರ. ಮುಂಬಯಿಯ ಖೋಲಿಯಲ್ಲಿ ತಾಯಿಯ ಹೆಬ್ಬೆಟ್ಟು.

ನನಗೆ ಸಿಕ್ಕಿದ ಮೂರರಲ್ಲಿ ಎರಡರ ಮೇಲೆ 1951ರ ಅಂಚೆ ಮುದ್ರೆ ಇದೆ. ಅಜ್ಜಿಯ ಹೆಬ್ಬೆಟ್ಟಿನ ನೀಲಿ ಗುರುತು, ಪಕ್ಕದಲ್ಲಿ ಊರಿನ ಶಾಲೆಯ ಮೇಷ್ಟ್ರ ಸಾಕ್ಷಿ ಸಹಿ. ಮೂರನೆಯದು 1958ರದ್ದು. ಅದರ ಮೇಲೆ ಹೆಬ್ಬೆಟ್ಟಿಲ್ಲ. ಓರೆಕೋರೆಯಾಗಿ, ಒಂದೊಂದು ಅಕ್ಷರ ಒಂದೊಂದು ಗಾತ್ರದಲ್ಲಿ, ಕನ್ನಡದಲ್ಲಿ ಅಜ್ಜಿಯ ಹೆಸರು.

ಅಜ್ಜಿಗೆ ಓದುಬರಹ ಬರ್ತಿತ್ತು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಅಪ್ಪನನ್ನ ಕೇಳಿದೆ. "ಅಮ್ಮ ಹೆಬ್ಬೆಟ್ಟೇ ಅಲ್ವಾ" ಅಂದರು. ಚೀಟಿ ತೋರಿಸಿದೆ. ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತರು, ಮಾತಾಡಲಿಲ್ಲ. 1951ಕ್ಕೂ 1958ಕ್ಕೂ ನಡುವೆ, ನಲವತ್ತು ದಾಟಿದ ಒಬ್ಬ ಹೆಂಗಸು ಹೆಸರು ಬರೆಯೋದು ಕಲಿತರು. ಯಾವಾಗ? ಯಾರು ಕಲಿಸಿದರು? ಆ ಮೇಷ್ಟ್ರೋ, ಶಾಲೆಗೆ ಹೋಗ್ತಿದ್ದ ನಮ್ಮ ಅತ್ತೆಯೋ, ರಜೆಗೆ ಬಂದ ದೊಡ್ಡಪ್ಪನೋ? ತಿಂಗಳಿಗೊಂದು ಅಂತ ಲೆಕ್ಕ ಹಾಕಿದರೆ ಆ ಏಳು ವರ್ಷಕ್ಕೆ ಎಂಬತ್ತು ಚಿಲ್ಲರೆ ಚೀಟಿಗಳು ಇದ್ದಿರಬೇಕು. ದೊಡ್ಡಪ್ಪ ಎಲ್ಲವನ್ನೂ ಇಟ್ಟಿದ್ದರು, ದಾರ ಕಟ್ಟಿ, ವರ್ಷದ ಪ್ರಕಾರ. ಯಾವ ತಿಂಗಳು ಹೆಬ್ಬೆಟ್ಟು ನಿಂತು ಸಹಿ ಬಂತು ಅಂತ ಬೆರಳಿಟ್ಟು ತೋರಿಸಬಹುದಿತ್ತು. ಆ ಉತ್ತರ ಹನ್ನೊಂದು ಕಿಲೋದೊಳಗೆ ಇತ್ತು. ನಾನು ಅದರಲ್ಲಿ ಚಹಾ ಕುಡಿದೆ.

ಇದು ಬರೀ ನಮ್ಮ ಮನೆಯ ಸಂಗತಿ ಅಲ್ಲ ನೋಡಿ. ಇಂಥ ನೂರು ಮನೆಯ ಚೀಟಿ ಸೇರಿದ್ರೆ, ಮುಂಬಯಿಯ ದುಡ್ಡು ಕರಾವಳಿಯ ಹಳ್ಳಿಗಳನ್ನ ಹೇಗೆ ಬದಲಾಯಿಸಿತು ಅಂತ ಬರೆಯಬಹುದು. ಸಾಕ್ಷಿ ಹಾಕಿದವರು ಯಾರು ಅಂತ ನೋಡಿದ್ರೆ ಊರಿನಲ್ಲಿ ಯಾರ ಮಾತಿಗೆ ಬೆಲೆ ಇತ್ತು ಅಂತ ತಿಳೀತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇಂಥ ಕಾಗದವೇ ಗತಿ. ಅವರ ಹೆಸರಲ್ಲಿ ಜಮೀನಿಲ್ಲ, ಬ್ಯಾಂಕ್ ಪುಸ್ತಕ ಇಲ್ಲ, ಫೋಟೋದ ಹಿಂದೆ ಬರೆದರೂ "ಇಂಥವರ ಹೆಂಡತಿ" ಅಂತ. ಹಾಲಿನ ಲೆಕ್ಕದ ಪುಸ್ತಕ, ಮದುವೆಯ ಉಡುಗೊರೆ ಪಟ್ಟಿ, ಅಡುಗೆ ಬರೆದಿಟ್ಟ ನೋಟ್‌ಬುಕ್ಕು, ಕಸೂತಿ ಮಾದರಿ ಅಂಟಿಸಿದ ಹಳೇ ಪುಸ್ತಕ, ಅವರ ಕೈಬರಹ ಇರೋದು ಅಲ್ಲೇ.

ತಾರೀಕಿಲ್ಲದ ಕಾಗದಕ್ಕೆ ತಾರೀಕು

"ನಮ್ಮ ಮನೆಯ ಕಾಗದಕ್ಕೆ ತಾರೀಕೇ ಇಲ್ಲ" ಅಂತ ಹಲವರು ಹೇಳ್ತಾರೆ. ಪರವಾಗಿಲ್ಲ, ಕಾಗದವೇ ಹೇಳುತ್ತೆ. ಕೆಲವು ಗುರುತು ಇಲ್ಲಿವೆ, ಬರೆದಿಟ್ಟುಕೊಳ್ಳಿ.

ನೀಲಿ ಇನ್‌ಲ್ಯಾಂಡ್ ಪತ್ರ ಬಂದದ್ದು 1950ರ ಅಕ್ಟೋಬರ್ 2ಕ್ಕೆ. ಅದರ ಮುಂಚೆ ಪೋಸ್ಟ್‌ಕಾರ್ಡು ಇಲ್ಲವೇ ಕವರು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. ಬರೀ "ಬಾಂಬೆ 19" ಅಂತ ಇದ್ದರೆ ಪಿನ್‌ಕೋಡಿಗಿಂತ ಹಿಂದಿನ ಅಭ್ಯಾಸ. ಮಾಟುಂಗಾದ ಇವತ್ತಿನ 400019ರ ಕೊನೆಯಲ್ಲಿ ಆ ಹಳೇ 19 ಹಾಗೇ ಕೂತಿದೆ. ಪಿನ್‌ಕೋಡ್ ಬಂದ ಮೇಲೂ ಹಳೇ ಅಭ್ಯಾಸದಲ್ಲಿ ಕೆಲವರು ಹಾಗೇ ಬರೀತಿದ್ರು, ಆದ್ದರಿಂದ ಒಂದೇ ಗುರುತನ್ನ ನಂಬಬೇಡಿ, ಎರಡು ಮೂರು ಸೇರಿಸಿ ನೋಡಿ.

ಲೆಕ್ಕದಲ್ಲಿ ಆಣೆ, ಪೈ ಇದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. "ನಯೇ ಪೈಸೆ" ಅಂತ ಅಚ್ಚಾಗಿದ್ದರೆ 1957ರಿಂದ 1964ರ ನಡುವೆ. ಸೇರು, ತೊಲ ಹೋಗಿ ಕಿಲೋ, ಗ್ರಾಂ ಬಂದದ್ದು 1958ರಿಂದ ಹಂತಹಂತವಾಗಿ. ಊರಿನ ವಿಳಾಸದಲ್ಲಿ ಸೌತ್ ಕೆನರಾ, ಮದ್ರಾಸ್ ಅಂತ ಇದ್ದರೆ 1956ರ ನವೆಂಬರ್ 1ಕ್ಕಿಂತ ಮುಂಚೆ. ಮೈಸೂರು ರಾಜ್ಯ ಅಂತ ಇದ್ದರೆ ಅಲ್ಲಿಂದ 1973ರ ನವೆಂಬರ್ 1ರವರೆಗೆ. ಕರ್ನಾಟಕ ಅಂತ ಇದ್ದರೆ ಅದರ ನಂತರ. ಮುಂಬಯಿಯ ರೇಷನ್ ಚೀಟಿ ಸಿಕ್ಕರೆ, ಈ ಊರಿಗೆ ರೇಷನ್ ಬಂದದ್ದು 1943ರಲ್ಲಿ, ಯುದ್ಧದ ಕಾಲ. ಚೀಟಿಯಲ್ಲಿ ಮನೆಯಲ್ಲಿ ಎಷ್ಟು ಜನ ಅಂತ ಇರುತ್ತೆ. ಹತ್ತು ಅಡಿ ಖೋಲಿಯಲ್ಲಿ ಹನ್ನೆರಡು ಹೆಸರು ಕಂಡರೆ ಹೆದರಬೇಡಿ, ಊರಿಂದ ಬಂದ ಹುಡುಗರೆಲ್ಲ ಮೊದಲು ಇಳೀತಿದ್ದದ್ದು ಅಲ್ಲೇ.

ಓದೋರು ಇರುವಾಗಲೇ

ಕಾಗದ ಉಳಿದರೂ ಚರಿತ್ರೆ ಹೋಗಬಹುದು. ಅದು ಹೇಗೆ ಅಂತ ಆ ಗ್ರೂಪ್ ಫೋಟೋನೇ ನನಗೆ ಕಲಿಸಿತು. ರಾತ್ರಿ ಶಾಲೆಯ ಫೋಟೋ ಅದು, ಮೂವತ್ತೊಂದು ಜನ. ಹಿಂದೆ ಏನೂ ಬರೆದಿಲ್ಲ. ಮುಂದಿನ ಸಾಲಿನಲ್ಲಿ ಕೂತವರೆಲ್ಲ ಕೋಟು ಹಾಕಿದ್ದಾರೆ. ನೋಡಿದ್ರೆ ಅನುಕೂಲಸ್ಥರ ಮಕ್ಕಳು ಅನಿಸುತ್ತೆ.

ದೊಡ್ಡಪ್ಪನ ಜೊತೆ ಓದಿದ ಒಬ್ಬರು ಡೊಂಬಿವಲಿಯಲ್ಲಿದ್ದಾರೆ ಅಂತ ತಿಳಿದು ಫೋಟೋ ತಗೊಂಡು ಹೋದೆ. ಎಂಬತ್ತೆಂಟು ವರ್ಷ. ಭೂತಗನ್ನಡಿ ಹಿಡಿದು ಒಬ್ಬೊಬ್ಬರನ್ನೇ ನೋಡುತ್ತಾ ಹದಿಮೂರು ಜನರ ಹೆಸರು, ಊರು, ಕೆಲಸ ಮಾಡ್ತಿದ್ದ ಹೋಟೆಲು ಹೇಳಿದರು. ಆಮೇಲೆ ನಕ್ಕು ಅಂದರು, "ಈ ಕೋಟುಗಳು ನಮ್ಮದಲ್ಲ ಮಾರಾಯ. ಮೇಷ್ಟ್ರು ಯಾರ್ಯಾರ ಹತ್ತಿರವೋ ಕೇಳಿ ತಂದದ್ದು. ಫೋಟೋ ಆದ ಕೂಡಲೇ ಬಿಚ್ಚಿ ವಾಪಸ್ ಕೊಟ್ಟೆವು. ಹಿಂದೆ ನಿಂತವರಿಗೆ ಕೋಟು ಸಾಲಲಿಲ್ಲ, ಅದಕ್ಕೇ ಅವರು ಹಿಂದೆ."

ಈ ಮಾತು ಕೇಳದೇ ಇದ್ದರೆ ಆ ಫೋಟೋ ನನಗೆ ಸುಳ್ಳು ಹೇಳ್ತಾ ಇತ್ತು. ಅವರು ಮುಂದಿನ ಮಳೆಗಾಲ ನೋಡಲಿಲ್ಲ. ಉಳಿದ ಹದಿನೆಂಟು ಮುಖಗಳಿಗೆ ಇನ್ನು ಹೆಸರು ಸಿಗುತ್ತೋ ಇಲ್ಲವೋ. ಒಂದು ವರ್ಷ ಮುಂಚೆ ಹೋಗಿದ್ದರೆ ಇನ್ನಷ್ಟು ನೆನಪಾಗ್ತಿತ್ತೇನೋ.

ಇನ್ನೊಂದು ಕಷ್ಟ ಹೊರನಾಡಿನ ನಮಗೇ ಅಂಟಿದ್ದು. ನಮ್ಮ ಮಕ್ಕಳು, ಮೊಮ್ಮಕ್ಕಳಲ್ಲಿ ಬಹಳ ಜನ ಕನ್ನಡ ಮಾತಾಡ್ತಾರೆ, ಲಿಪಿ ಬಾರದು. ಅಚ್ಚಿನ ಕನ್ನಡವೇ ಬಾರದವರಿಗೆ 1940ರ ಕೂಡಕ್ಷರದ ಪೋಸ್ಟ್‌ಕಾರ್ಡು ಹೇಗೆ ಓದೋಕೆ ಬರುತ್ತೆ? ಬೆಳಗಾವಿ, ಧಾರವಾಡ ಕಡೆಯ ಮನೆಗಳಲ್ಲಿ ಮೋಡಿ ಲಿಪಿಯ ಪತ್ರಗಳು ಇರ್ತವೆ. ಕಲಬುರಗಿ, ಬೀದರ, ರಾಯಚೂರು ಕಡೆಯವರ ಜಮೀನು ಕಾಗದ ನಿಜಾಮರ ಕಾಲದ್ದಾದರೆ ಉರ್ದುವಿನಲ್ಲಿ. ಮನೆಯಲ್ಲಿ ಇವನ್ನ ಓದಬಲ್ಲವರು ಒಬ್ಬರೇ ಉಳಿದಿದ್ದರೆ, ಅವರು ಇರುವಾಗಲೇ ಓದಿಸಿ ಧ್ವನಿ ರೆಕಾರ್ಡ್ ಮಾಡಿಕೊಳ್ಳಿ. ಸ್ಕ್ಯಾನ್ ನಾಳೆ ಮಾಡಬಹುದು, ಕಾಗದ ಎಲ್ಲಿಗೂ ಹೋಗಲ್ಲ. ಓದೋರು ನಾಳೆ ಇರ್ತಾರೆ ಅಂತ ಹೇಳೋಕೆ ಆಗಲ್ಲ. ಹಾಗಾಗಿ ನನ್ನ ಪ್ರಕಾರ ಮೊದಲ ಕೆಲಸ ಹೆಸರು ಬರೆಸೋದು, ಎರಡನೆಯದು ಸ್ಕ್ಯಾನು.

ಕೈ ಹಾಕುವ ಮುಂಚೆ

ಮಾಡೋದು ಹೇಗೆ ಅಂತ ಈಗ ಸ್ವಲ್ಪ ಹೇಳ್ತೀನಿ. ದುಬಾರಿ ಸಾಮಾನು ಏನೂ ಬೇಡ.

ಟ್ರಂಕು ತೆರೆದ ಕೂಡಲೇ ಎಲ್ಲ ಹೊರಗೆ ಸುರಿಯಬೇಡಿ. ಯಾವ ಕಟ್ಟಿನಲ್ಲಿ ಯಾವುದರ ಜೊತೆ ಯಾವುದು ಇತ್ತು ಅನ್ನೋದೂ ಒಂದು ಮಾಹಿತಿ. ಮೊದಲು ಮೊಬೈಲಿನಲ್ಲಿ ಹಾಗೇ ಫೋಟೋ ತೆಗೆದು, ಕಟ್ಟಿಗೆ ಒಂದು ನಂಬರು ಕೊಟ್ಟು, ಆಮೇಲೆ ಬಿಚ್ಚಿ. ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪ್ಲರ್ ಪಿನ್ನು ನಿಧಾನವಾಗಿ ತೆಗೆಯಿರಿ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ವರ್ಷ ಕಳೆದರೆ ಅದು ಕಂದು ಕಲೆಯಾಗಿ ಕಾಗದದೊಳಗೇ ಇಳಿಯುತ್ತೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಮ್ಮೆ ಮಾಡಿಸಿದರೆ ಬಿಡಿಸೋ ದಾರಿ ಇಲ್ಲ.

ಫೋಟೋವನ್ನ ಅಂಚಿನಲ್ಲಿ ಹಿಡೀರಿ. ಹೆಸರು ಬರೆಯೋದಾದರೆ ಹಿಂಬದಿಯಲ್ಲಿ, ಮೆತ್ತನೆ ಪೆನ್ಸಿಲಿನಲ್ಲಿ, ಒತ್ತದೇ ಬರೀರಿ. ಗ್ರೂಪ್ ಫೋಟೋಗೆ ಇನ್ನೂ ಒಳ್ಳೆ ಉಪಾಯ ಇದೆ. ಒಂದು ಪ್ರತಿ ತೆಗೆದು, ಆ ಪ್ರತಿಯಲ್ಲಿ ಪ್ರತಿ ತಲೆಗೂ ಒಂದು ನಂಬರು ಹಾಕಿ, ಬೇರೆ ಹಾಳೆಯಲ್ಲಿ ನಂಬರಿಗೊಂದು ಹೆಸರು ಬರೀರಿ. ಯಾರು ಗುರುತಿಸಿದರು, ಯಾವತ್ತು ಅನ್ನೋದನ್ನೂ ಬರೀರಿ. ಎಪ್ಪತ್ತು ಎಂಬತ್ತರ ದಶಕದ ಅಂಟು ಹಾಳೆಯ ಆಲ್ಬಮ್ ನಿಮ್ಮಲ್ಲಿದ್ದರೆ ಫೋಟೋಗಳನ್ನ ಎಳೆದು ಕೀಳಬೇಡಿ. ಪುಟಪುಟವನ್ನೇ ಮೊದಲು ಫೋಟೋ ತೆಗೆಯಿರಿ. ಪತ್ರಿಕೆ ತುಣುಕು ಅಂಟಿಸಿದ ಪುಸ್ತಕ ಇದ್ದರೂ ಹಾಗೇ. ಪತ್ರಿಕೆಯ ಕಾಗದ ಬೇಗ ಹಳದಿಯಾಗಿ ಪುಡಿಯಾಗುತ್ತೆ, ಪಕ್ಕದ ಹಾಳೆಗೂ ಕಲೆ ಹಿಡಿಸುತ್ತೆ. ಅದರ ಪ್ರತಿ ಮಾಡಿಟ್ಟುಕೊಳ್ಳಿ.

ಸ್ಕ್ಯಾನು ಕಾಗದಕ್ಕೆ 300 ಡಿಪಿಐ, ಸಣ್ಣ ಫೋಟೋಗೆ 600 ಇದ್ದರೆ ಸಾಕು. ಎರಡೂ ಬದಿ ಮಾಡಿ, ಹಿಂಬದಿಯ ಸ್ಟುಡಿಯೋ ಮುದ್ರೆಯೇ ಕೆಲವೊಮ್ಮೆ ಊರು ಹೇಳೋದು. ವಾಟ್ಸ್ಆ್ಯಪಿನಲ್ಲಿ ಫೋಟೋ ಅಂತ ಕಳಿಸಿದರೆ ಗಾತ್ರ ಇಳಿದು ವಿವರ ಹೋಗುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ. ಪ್ರತಿಗಳು ಮೂರು ಕಡೆ ಇರಲಿ, ಒಂದು ಬೇರೆ ಊರಿನಲ್ಲಿರಲಿ. ಯಾಕೆ ಅಂತ ಮುಂಬಯಿಯವರಿಗೆ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನೆಲಮಾಳಿಗೆ, ಕೆಳಗಿನ ಮನೆಗಳಲ್ಲಿ ಏನೇನು ಹೋಯ್ತು ಅಂತ ನೆನಪಿದೆಯಲ್ಲ. ನೆನೆದ ಕಾಗದಕ್ಕೆ ಎರಡು ದಿನದೊಳಗೆ ಬೂಸರು ಬರಬಹುದು. ಫ್ಯಾನಿನ ಗಾಳಿಯಲ್ಲಿ ಬಿಡಿಬಿಡಿಯಾಗಿ ಒಣಗಿಸಿ, ಬಿಸಿಲಿಗೆ, ಇಸ್ತ್ರಿಗೆ ಹೋಗಬೇಡಿ. ಟ್ರಂಕು ಅಟ್ಟದ ಮೇಲಾಗಲಿ, ಮಳೆ ಹೊಡೆಯುವ ಗೋಡೆಗೆ ತಾಗಿಸಿಯಾಗಲಿ ಬೇಡ. ಕಪಾಟಿನ ನಡುವಿನ ಅರೆ ಒಳ್ಳೇದು.

ಯಾವುದನ್ನ ತೋರಿಸಬೇಕು?

ಎಲ್ಲ ಉಳಿಸಿ ಅಂತ ಹೇಳಿದೆ, ಎಲ್ಲ ಊರಿಗೆ ತೋರಿಸಿ ಅಂತ ಹೇಳ್ತಾ ಇಲ್ಲ. ಹಳೇ ಪತ್ರದಲ್ಲಿ ಸಾಲ ಇರುತ್ತೆ, ದಾಯಾದಿ ಜಗಳ ಇರುತ್ತೆ, ಇವತ್ತು ಓದಿದರೆ ನಾಚಿಕೆಯಾಗೋ ಜಾತಿ ಮಾತು ಇರುತ್ತೆ, ಮುರಿದುಬಿದ್ದ ಸಂಬಂಧ ಇರುತ್ತೆ. ಇರುವವರ ಮನಸ್ಸು ನೋಯೋ ಹಾಗಿದ್ದರೆ ಕವರಿನಲ್ಲಿ ಹಾಕಿ, ಇಂಥ ವರ್ಷದ ತನಕ ತೆರೆಯಬೇಡಿ ಅಂತ ಬರೆದಿಡಿ. ಆದರೆ ಹರಿದು ಹಾಕಬೇಡಿ. ಬರೀ ಗೌರವದ ಕಾಗದ ಉಳಿಸಿ ಉಳಿದದ್ದನ್ನ ಸುಟ್ಟರೆ ನಮ್ಮ ಮೊಮ್ಮಕ್ಕಳಿಗೆ ಸಿಗೋದು ಆ ಎರವಲು ಕೋಟಿನ ಫೋಟೋ ಅಷ್ಟೇ.

ಇನ್ನು ಯಾರಿಗೆ ಕೊಡೋದು? ಮುಂಬಯಿಯಲ್ಲಿ ಸಿಟಿಜನ್ಸ್ ಆರ್ಕೈವ್ ಆಫ್ ಇಂಡಿಯಾ ಅನ್ನೋ ಸಂಸ್ಥೆ ಸ್ವಾತಂತ್ರ್ಯಕ್ಕೂ ಮುಂಚೆ ಹುಟ್ಟಿದವರ ನೆನಪು, ಮನೆಯ ಕಾಗದಗಳನ್ನ ದಾಖಲು ಮಾಡುತ್ತೆ. ಸ್ಪ್ಯಾರೋ ಅನ್ನೋದು 1988ರಿಂದ ಹೆಣ್ಣುಮಕ್ಕಳ ಬದುಕಿನ ಧ್ವನಿ, ಚಿತ್ರ ಸಂಗ್ರಹಿಸುತ್ತಾ ಬಂದಿದೆ. ಇಂಡಿಯನ್ ಮೆಮೊರಿ ಪ್ರಾಜೆಕ್ಟ್ 2010ರಿಂದ ಮನೆ ಫೋಟೋಗಳ ಮೂಲಕವೇ ದೇಶದ ಚರಿತ್ರೆ ಹೇಳ್ತಾ ಇದೆ. ಊರಿನ ಕಡೆಯ ಸಾಮಗ್ರಿಗೆ ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಂಥ ಜಾಗಗಳಲ್ಲಿ ವಿಚಾರಿಸಬಹುದು. ಮೂಲ ಪ್ರತಿ ಕೊಡೋ ಮುಂಚೆ ಹೇಗೆ ಇಡ್ತೀರಿ, ಯಾರು ನೋಡಬಹುದು ಅಂತ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ. ನಮ್ಮ ಕನ್ನಡ ಸಂಘಗಳಿಗೂ ಒಂದು ವಿನಂತಿ. ಮುಂದಿನ ವಾರ್ಷಿಕೋತ್ಸವಕ್ಕೆ ಒಂದು ಮೂಲೆಯಲ್ಲಿ ಒಂದು ಮೇಜು, ಒಂದು ಸ್ಕ್ಯಾನರು, ಕನ್ನಡ ಓದಬಲ್ಲ ಇಬ್ಬರು ಹಿರಿಯರು, ಟೈಪ್ ಮಾಡಬಲ್ಲ ಇಬ್ಬರು ಹುಡುಗರನ್ನ ಕೂರಿಸಿ. ಬಂದವರು ಒಂದೊಂದು ಹಳೇ ಫೋಟೋ ತರಲಿ. ಒಂದು ದಿನದಲ್ಲಿ ಆಗೋ ಕೆಲಸ ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತೆ.

ನಾನು ಈಗ ಊರಿನ ಮನೆಯಲ್ಲಿ ಹುಡುಕ್ತಾ ಇದ್ದೀನಿ. ಮುಂಬಯಿಯ ಅರ್ಧ ಹೋಯ್ತು, ಊರಿನ ಅರ್ಧ ಎಲ್ಲೋ ಇರಬೇಕು, ದೊಡ್ಡಪ್ಪನ ಕೈಬರಹದ ಕೂಪನ್ನುಗಳು. ಅದರಲ್ಲಿ ಎಲ್ಲಾದರೂ ಒಂದು ಸಾಲು ಇದ್ದೀತು ಅಂತ ಆಸೆ, ಅಮ್ಮ, ನಿನ್ನ ಸಹಿ ನೋಡಿದೆ ಅಂತ. ಕಳೆದ ಸಲ ಹೋದಾಗ ದೇವರ ಕೋಣೆಯ ಅಟ್ಟ ನೋಡಿ ಆಯ್ತು, ಸಿಗಲಿಲ್ಲ. ಭತ್ತದ ಕಣಜದ ಹಿಂದೆ ಒಂದು ಪೆಟ್ಟಿಗೆ ಇದೆಯಂತೆ, ಬೀಗದ ಕೈ ಅತ್ತೆಯ ಹತ್ತಿರ. ಅತ್ತೆಗೆ ಎಂಬತ್ತೆರಡು. ಮುಂದಿನ ತಿಂಗಳು ಅಂತ ಇದ್ದೆ, ಬೇಡ ಅನಿಸಿತು. ಈ ವಾರವೇ ಹೊರಡ್ತಾ ಇದ್ದೀನಿ.

ನೀವೂ ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಫೋಟೋ ಕೆಳಗೆ ಇಳಿಸಿ, ಮನೆಯ ಹಿರಿಯರ ಮುಂದೆ ಇಟ್ಟು, "ಇದು ಯಾರು?" ಅಂತ ಕೇಳಿ. ಒಂದು ಪೆನ್ಸಿಲು ಹತ್ತಿರ ಇರಲಿ.